ತೊಟ್ಟಿಯ ಪಕ್ಕದ ಹಿಡಿಕೆ

ಗಲಾತ್ಸಿ ಊರಿನ ಹಡಗುಕಟ್ಟೆಯಲ್ಲಿ ವೆತುರಿಯಾ ಇಪ್ಪತ್ತೆಂಟು ವರ್ಷ ಕ್ರೇನ್ ನಡೆಸಿದವಳು. ಅವಳು ಎತ್ತಿದ ಭಾರ ಒಂದು ದಿನವೂ ಜಾರಿದ್ದಿಲ್ಲ. ಅಂಥವಳ ಮನೆಯಲ್ಲೇ, ಅವಳೇ ಅಂಟಿಸಿದ ಹಿಡಿಕೆ ಕಿತ್ತು ಕೈಗೆ ಬಂದು, ಅಕ್ಕ ಅನೇತಾ ಸ್ನಾನದ ತೊಟ್ಟಿಯಲ್ಲಿ ಬಿದ್ದಳು. ರಬ್ಬರ್ ಬಟ್ಟಲುಗಳಿಂದ ಗೋಡೆಗೆ ಕಚ್ಚಿಕೊಳ್ಳುವ ಅಗ್ಗದ ಹಿಡಿಕೆ ಅದು. ಮಣಿಕಟ್ಟು ಮುರಿಯಿತು. ಎಂಬತ್ತರ ಹತ್ತಿರದ ಅನೇತಾ ಆಮೇಲೆ ಆರು ವಾರ ಅಡುಗೆಮನೆಯ ಕುರ್ಚಿಯಲ್ಲೇ ಕೂತು ಒದ್ದೆಬಟ್ಟೆಯಿಂದ ಮೈ ಒರೆಸಿಕೊಂಡಳು. ತಂಗಿಗೆ ಒಂದು ಮಾತೂ ಅನ್ನಲಿಲ್ಲ. ಬೈದಿದ್ದರೆ ವೆತುರಿಯಾ ತಡೆದುಕೊಳ್ಳುತ್ತಿದ್ದಳು. ಈ ಮೌನ ಅವಳನ್ನು ಕೊರೆಯುತ್ತಿತ್ತು.

ಪ್ಲಾಸ್ಟರ್ ಬಿಚ್ಚಿದ ಮರುದಿನ ಮೂರನೇ ಮಹಡಿಯ ಕೊಳಾಯಿ ಕೆಲಸದವನು, ಸಂದು ಎಂಬವನು, ಉಕ್ಕಿನ ಹಿಡಿಕೆಯನ್ನೂ ಡ್ರಿಲ್ಲನ್ನೂ ಹಿಡಿದು ಬಂದ.

"ಎಲ್ಲಿ ಹಾಕ್ಲಿ, ವೆತುರಿಯಕ್ಕ?"

"ನನ್ನ ಕೇಳ್ಬೇಡ. ಅವಳ ಕೈನೇ ತೋರಿಸ್ಲಿ."

ವೆತುರಿಯಾ ಅಕ್ಕನ ಅಂಗೈಗೆ ಮೆಕ್ಕೆಜೋಳದ ಹಿಟ್ಟು ಸವರಿ, ಒಣಗಿದ ತೊಟ್ಟಿಗೆ ಉಟ್ಟ ಬಟ್ಟೆಯಲ್ಲೇ ಇಳಿಯಲು ಹೇಳಿದಳು. ಅನೇತಾ ಬಾಗಿಲಿನ ಚೌಕಟ್ಟು ಬಿಡಲಿಲ್ಲ.

"ಆಗಲ್ಲ ಕಣೇ. ಮತ್ತೆ ಬಿದ್ದುಬಿಡ್ತೀನಿ."

"ಸೊಂಟ ಹಿಡ್ಕೊಂಡಿದೀನಲ್ಲ."

"ಅವತ್ತೂ ಹಿಡಿಕೆ ಗಟ್ಟಿಯಾಗಿದೆ ಅಂತಾನೇ ನೀನು ಅಂದಿದ್ದೆ."

ವೆತುರಿಯಾ ಅಕ್ಕನ ಸೊಂಟದ ಹಿಡಿತ ಬಿಗಿ ಮಾಡಿದಳು. ಅನೇತಾ ಕಾಲೆತ್ತಿದಳು, ಓಲಾಡಿದಳು; ಕೈ ಗೋಡೆಗೆ ಬಡಿಯಿತು. ಟೈಲ್ ಮೇಲೆ ಹಳದಿ ಅಂಗೈ ಮೂಡಿತು, ಹಳೆಯ ಹಿಡಿಕೆ ಇದ್ದ ಜಾಗಕ್ಕಿಂತ ಒಂದು ಗೇಣು ಕೆಳಗೆ.

ಸಂದು ಅಲ್ಲಿ ಬೆರಳಿನಿಂದ ಕುಟ್ಟಿ ನೋಡಿದ. "ಇಲ್ಲಿ ಟೊಳ್ಳು, ಅಕ್ಕ. ಪಕ್ಕದಲ್ಲೇ ಬಿಸಿನೀರಿನ ಪೈಪು ಬೇರೆ. ಒಂದು ಮೊಳ ಆಚೆ ಹಾಕೋಣ."

"ಅವಳ ಕೈ ಬೀಳೋದು ಇಲ್ಲಿ. ಆಚೆ ಹಾಕಿದ್ರೆ ಟವೆಲ್ ನೇತುಹಾಕ್ಬೋದು, ಅಷ್ಟೇ."

ಸಂದು ನೀರು ನಿಲ್ಲಿಸಿ, ಪೈಪಿನಿಂದ ನಾಲ್ಕು ಬೆರಳು ಬಿಟ್ಟು ಕೊರೆದು ಹಿಡಿಕೆ ಕೂರಿಸಿದ. ವೆತುರಿಯಾ ಎರಡೂ ಕೈಯಲ್ಲಿ ಅದನ್ನು ಹಿಡಿದು ಮೈಭಾರ ಬಿಟ್ಟಳು. ತಿರುಪು, ಟೈಲ್, ಗಾರೆ ಎಲ್ಲ ಒಟ್ಟಿಗೆ ಕಿತ್ತುಬಂದವು. ಸಂದು ತೋಳು ಹಿಡಿಯದಿದ್ದರೆ ಅವಳ ತಲೆ ತೊಟ್ಟಿಯ ಅಂಚಿಗೆ ಬಡಿಯುತ್ತಿತ್ತು. ಅನೇತಾ ಕಿರುಚಿ ಕೋಣೆ ಸೇರಿಕೊಂಡಳು.

"ಬಿಟ್ಬಿಡಿ ಅಕ್ಕ, ಈ ಗೋಡೆ ತಡೆಯಲ್ಲ."

ಪುಡಿ ಕೊಡವಿಕೊಳ್ಳುತ್ತಾ ವೆತುರಿಯಾ ಕೇಳಿದಳು: "ಆ ಕಡೆ ನಮ್ಮ ಅಡುಗೆಮನೆ ತಾನೇ? ಪೂರ್ತಿ ತೂತು ಹೊಡಿ. ಹಿಂದೆ ಉಕ್ಕಿನ ತಗಡು ಕೊಟ್ಟು ಬೋಲ್ಟ್ ಬಿಗಿ."

"ಪೈಪಿಗೆ ತಾಗಿದ್ರೆ?"

"ನಿಧಾನಕ್ಕೆ ಹೊಡಿ."

ಡ್ರಿಲ್ಲಿನ ಸದ್ದು ಬದಲಾದಾಗಲೆಲ್ಲ ಇಬ್ಬರೂ ಉಸಿರು ಹಿಡಿದರು. ಕೊನೆಗೆ ಅಡುಗೆಮನೆಯ ಗೋಡೆಯಿಂದ ಸುಣ್ಣ ಉದುರಿತು; ಡ್ರಿಲ್ ಪೈಪಿಗೆ ತಾಗಿರಲಿಲ್ಲ. ಬೋಲ್ಟ್ ಬಿಗಿದ ಮೇಲೆ ವೆತುರಿಯಾ ಮತ್ತೆ ಜೋತುಬಿದ್ದಳು. ಅಡುಗೆಮನೆಯಲ್ಲಿ ತಗಡು ನೋಡುತ್ತಿದ್ದ ಸಂದು ಕೂಗಿದ: "ಕೂದಲಷ್ಟೂ ಅಲ್ಲಾಡ್ತಿಲ್ಲ!" ಆಮೇಲೆ ನೂರು ಕಿಲೋ ತೂಗುವ ಅವನನ್ನೂ ಜೋತುಬೀಳಿಸಿದಳು.

ಶನಿವಾರ ಅನೇತಾ ತೊಟ್ಟಿಗೆ ಇಳಿದಳು. ತಂಗಿ ಬಾಗಿಲಾಚೆ ನಿಂತಳು. ನೀರಿನ ಸದ್ದು ನಿಂತಿತು. ಆಮೇಲೆ ಕಾಲು ಜಾರಿದ ಸದ್ದು, ಉಕ್ಕಿನ ಹಿಡಿಕೆಗೆ ಅಕ್ಕನ ಉಂಗುರ ಬಡಿದ ಸದ್ದು.

"ಅಕ್ಕಾ!"

ಒಳಗಿನಿಂದ ಅನೇತಾಳ ದನಿ ಬಂತು: "ಒಳಗೆ ಬರ್ಬೇಡ, ಬೆತ್ತಲೆ ಇದೀನಿ. ನಿಂತೇ ಇದೀನಿ."

ವೆತುರಿಯಾ ಗೋಡೆಗೆ ಒರಗಿ ಹಾಗೇ ನೆಲಕ್ಕೆ ಕುಸಿದು ಅತ್ತಳು.

ಮುಂದಿನ ನಾಲ್ಕು ವರ್ಷ ಅನೇತಾ ಒಬ್ಬಳೇ ಸ್ನಾನ ಮಾಡಿದಳು. ಒಳಗಿನಿಂದ ಚಿಲಕ ಹಾಕಲು ಮಾತ್ರ ತಂಗಿ ಬಿಡಲಿಲ್ಲ. ಅದಕ್ಕಾಗಿ ಅಕ್ಕತಂಗಿಯರು ಪ್ರತಿ ಶನಿವಾರ ಜಗಳವಾಡುತ್ತಿದ್ದರು.