ಬೋಣಿಗೆಯ ನಾಣ್ಯ

ನಮ್ಮ ಅಕ್ಕ ಕಾಂಚನ ಮೈಂದರ್ಗಿಯಿಂದ ಬಸ್ಸಿನಲ್ಲಿ ಸೊಲ್ಲಾಪುರಕ್ಕೆ ಹೋಗಿ ಬಿಬಿಎ ಓದುತ್ತಾಳೆ. ಹೆದರಿದಾಗ ಅವಳಿಗೆ ಅಳು ಬರುವುದಿಲ್ಲ, ನಗು ಬರುತ್ತದೆ. ಹೋದ ಸಲ ಮೌಖಿಕ ಪರೀಕ್ಷೆಯಲ್ಲಿ ನಗು ತಡೆಯಲಾಗದೆ ನಪಾಸಾಗಿದ್ದಳು. ಈ ಸಲದ ಪರೀಕ್ಷೆಯೆಂದರೆ ಕಾಲೇಜಿನ ಅಂಗಳದಲ್ಲಿ ಅಂಗಡಿ ಹಾಕಿ ಏನಾದರೂ ಮಾರುವುದು. ಇದರಲ್ಲೂ ನಪಾಸಾದರೆ ಒಂದು ವರ್ಷವೇ ಹೋಗುತ್ತಿತ್ತು.

ಅವ್ವ ಭಾಗಾಬಾಯಿ ಶೇಂಗಾ ಹಿಂಡಿ, ಅಂದರೆ ಖಾರದ ಶೇಂಗಾ ಚಟ್ನಿಪುಡಿ, ಕುಟ್ಟಿಕೊಂಡು ಜೊತೆಗೆ ಬಂದಳು. ಅಂಗಡಿ ತೆರೆದ ಕೂಡಲೇ ಒಬ್ಬರು ಬಂದು ರುಚಿ ನೋಡಲು ಕೈ ಚಾಚಿದರು. ಅವ್ವ ಡಬ್ಬಿಯ ಮುಚ್ಚಳ ಹಾಕಿಬಿಟ್ಟಳು.

"ಇನ್ನಾ ಬೋಣಿಗಿ ಆಗಿಲ್ಲೋ ಯಪ್ಪಾ. ಮೊದಲನೇ ಗಿರಾಕಿಗಿ ಫುಕಟ ಕೊಡಂಗಿಲ್ಲ."

"ಫೋನಿನಾಗ ಹಾಕ್ಲೇನ್ರಿ ಮಾವಶಿ?"

"ಫೋನ್ ಕಣ್ಣಿಗಿ ಒತ್ತಿಕೊಳ್ಳಾಕ ಬರ್ತದೇನು? ರೊಕ್ಕ ತಾ."

"ಅವ್ವಾ, ಮಾರ್ಕ್ಸ್ ಹಾಕೋ ಸರ್ ಇವ್ರ!" ಎಂದು ಪಿಸುಗುಟ್ಟಿದ ಅಕ್ಕನಿಗೆ ನಗು ಬಂದೇ ಬಂತು.

ಸರ್ ಒಂದು ನಾಣ್ಯಕ್ಕಾಗಿ ವಿದ್ಯಾರ್ಥಿಗಳ ಹಿಂದೆಲ್ಲ ಓಡಾಡಿದರು. ಎಲ್ಲರ ಜೇಬಿನಲ್ಲೂ ಬರೀ ಫೋನು. ಅಕ್ಕ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದುದನ್ನು ನೋಡಲು ಇಡೀ ಅಂಗಳವೇ ನಮ್ಮ ಅಂಗಡಿಗೆ ನುಗ್ಗಿತು. ಕೊನೆಗೆ ಸರ್ ಗೇಟಿನ ಕಾವಲುಗಾರನಿಂದ ಹತ್ತರ ನಾಣ್ಯ ಇಸಿದುಕೊಂಡು ಬಂದರು. ಅವ್ವ ಅದನ್ನು ಕಣ್ಣಿಗೊತ್ತಿಕೊಂಡು ಮುಚ್ಚಳ ತೆಗೆದಳು. ನೋಡನೋಡುತ್ತಲೇ ಹಿಂಡಿ ಖಾಲಿಯಾಯಿತು.

ಖಾರಕ್ಕೆ ಬಂದ ಕಣ್ಣೀರು ಒರೆಸಿಕೊಳ್ಳುತ್ತ ಸರ್ ಹೇಳಿದರು: "ಪಾಸ್ ಆದಿ ನೋಡವ್ವಾ. ಈಗರೆ ನಗೋದು ಸಾಕ್ ಮಾಡು."

ಅಕ್ಕನ ಹೆದರಿಕೆಯೇನೋ ಹೋಯಿತು. ನಗು ಮಾತ್ರ ಮೈಂದರ್ಗಿಯ ಬಸ್ಸು ಹತ್ತಿದರೂ ನಿಲ್ಲಲಿಲ್ಲ.