ಹಿಂದಿನ ಪುಟಕ್ಕೆ ಹೋದವರು

ಬರ ಬಿದ್ದ ಎರಡನೆಯ ವರ್ಷ ನಾನು ಬೀದರಿನ ಒಂದು ಸಣ್ಣ ಕಂಪ್ಯೂಟರ್ ಕಚೇರಿಯಲ್ಲಿ ಪ್ರೋಗ್ರಾಂ ಬರೆಯುತ್ತಿದ್ದೆ. ದನಗಳ ಮೇವಿನ ಕಾರ್ಡಿಗಾಗಿ ಆಗಲೇ ಒಂದು ವೆಬ್‌ಸೈಟ್ ಮಾಡಿಕೊಟ್ಟಿದ್ದೆವು. ಒಂದು ಪುಟ ತುಂಬಿದರೆ ಮುಂದಿನದು ತೆರೆಯುವ, ಹೆಜ್ಜೆ ಹೆಜ್ಜೆಯ ಅರ್ಜಿ ಅದು. ಅಷ್ಟರಲ್ಲಿ ಇನ್ನೊಂದು ಕೆಲಸ ಬಂತು. ಕಬ್ಬು ಕಡಿಯಲು ಗುಳೆ ಹೋಗುವವರು ಮಕ್ಕಳನ್ನು ಬಿಟ್ಟುಹೋಗಲು ಹಂಗಾಮಿ ವಸತಿ ನಿಲಯಗಳು ತೆರೆದಿದ್ದವು. ಅವುಗಳಿಗೂ ಅಂಥದೇ ಅರ್ಜಿ ಬೇಕಿತ್ತು.

ಪುಟದಿಂದ ಪುಟಕ್ಕೆ ನಡೆಸುವ ಭಾಗವನ್ನು ಬೇರೆ ತೆಗೆದು ಒಂದು ಅಚ್ಚಿನಂತೆ ಎರಡಕ್ಕೂ ಬಳಸೋಣ ಎಂದವಳು ನಾನೇ. ಯಾವ ಪುಟದ ನಂತರ ಯಾವುದು, ತುಂಬಿದ್ದನ್ನು ಎಲ್ಲಿ ಕಾಪಾಡಬೇಕು, ಇಷ್ಟು ಮಾತ್ರ ಆ ಅಚ್ಚಿಗೆ ಗೊತ್ತಿರಬೇಕು. ಮೇವಿನ ನಿಯಮ ಮೇವಿನ ಮಾಡೆಲ್‌ನಲ್ಲಿ, ಅಂದರೆ ಆ ಅರ್ಜಿಯ ನಿಯಮಗಳನ್ನಷ್ಟೇ ಇಡುವ ಭಾಗದಲ್ಲಿ, ಮಕ್ಕಳದು ಮಕ್ಕಳ ಮಾಡೆಲ್‌ನಲ್ಲಿ ಇರಬೇಕು. ಪುಟ ತಿರುಗಿಸುವ ಕಂಟ್ರೋಲರ್ ನಡುವೆ ಬಾಯಿ ಹಾಕಬಾರದು. ನಮ್ಮ ಕಚೇರಿಯ ಹಿರಿಯರು ಎಲ್ಲವನ್ನೂ ಒಪ್ಪಿದರು, ಒಂದನ್ನು ಬಿಟ್ಟು. ಹಿಂದಿನ ಪುಟಕ್ಕೆ ಹೋಗಿ ತಿದ್ದಿದರೆ ಅದರ ಮುಂದೆ ತುಂಬಿದ್ದೆಲ್ಲ ಅಳಿಯುವಂತೆ ಅಚ್ಚಿನೊಳಗೇ ಬರೆದುಬಿಟ್ಟರು. ದನಗಳ ಲೆಕ್ಕ ಬದಲಾದರೆ ಮೇವಿನ ಲೆಕ್ಕವೂ ಬದಲಾಗಬೇಕಲ್ಲ, ಅಲ್ಲಿ ಅದು ಸರಿಯೇ.

"ಇದು ಮೇವಿನ ನಿಯಮ ಅದರಿ ಸರ್. ಮಕ್ಕಳ ಅರ್ಜಿಗಿ ಯಾಕ ಹಚ್ತೀರಿ?" ಎಂದೆ.

"ಹಿಂದ ಯಾರ ಹೋಗ್ತಾರವಾ? ಸೋಮವಾರ ಚಾಲೂ ಆಗಬೇಕು. ಸುಮ್ಕ ಬಿಡು."

ಸುಮ್ಮನೆ ಬಿಡುವವಳಲ್ಲ ನಾನು. ಜಗಳವಾಡಿದೆ, ಸೋತೆ, ಮೂತಿ ಊದಿಸಿಕೊಂಡು ಔರಾದಿನಲ್ಲಿ ಅರ್ಜಿ ತುಂಬಿಸುವ ಕೇಂದ್ರದಲ್ಲಿ ಕೂರಲು ಹೋದೆ.

ಅಲ್ಲಿ ಎಲ್ಲರೂ ಹಿಂದೆ ಹೋಗುವವರೇ. ಮಗುವಿನ ಹೊಣೆ ಯಾರದು ಎಂದು ಎರಡನೆಯ ಪುಟ ಕೇಳುತ್ತಿತ್ತು. ಆ ಮಾತು ಆ ಮನೆಗಳಲ್ಲಿ ಲಾರಿ ಹತ್ತುವ ತನಕ ಮುಗಿಯುವುದೇ ಇಲ್ಲ. ಊರಲ್ಲಿ ಉಳಿಯಬೇಕಾದ ಅಜ್ಜಿಯೇ ಕಬ್ಬಿನ ಗದ್ದೆಯಲ್ಲಿ ಕೂಸು ಹಿಡಿಯಲೂ ಬೇಕು.

ಅವತ್ತು ಒಬ್ಬಾಕೆ ಕಂಕುಳಲ್ಲಿ ಕೂಸನ್ನಿಟ್ಟುಕೊಂಡು ನಾಲ್ಕನೆಯ ತರಗತಿಯ ಮಗಳನ್ನು ಕರೆತಂದಿದ್ದಳು. ಗಂಡ ಕೊನೆಯ ಪುಟದಲ್ಲಿ ಹೆಬ್ಬೆಟ್ಟು ಒತ್ತಿ, ಕಬ್ಬು ಕಡಿಯುವ ಬೇರೆ ಗಂಡ-ಹೆಂಡತಿ ಜೋಡಿಗಳನ್ನು ಕೂಡಿಕೊಳ್ಳಲು ಭಾಲ್ಕಿಗೆ ಹೊರಟುಹೋಗಿದ್ದ. ಅರ್ಜಿ ಕಳಿಸುವ ಹೊತ್ತಿಗೆ, ಹೊಣೆಗೆ ಹೆಸರು ಬರೆಸಿದ್ದ ಅಜ್ಜಿ ಒಳಬಂದು, "ನಾನೂ ಹೊಂಟೀನ್ರಿ, ಕೂಸಿಗಿ ಯಾರ ನೋಡ್ತಾರ? ನಮ್ಮ ತಮ್ಮನ ಹೆಸರು ಬರೀರಿ" ಎಂದಳು. ನಾನು ತಡೆಯುವ ಮೊದಲೇ ಯಂತ್ರದ ಮುಂದಿದ್ದ ಗುಮಾಸ್ತ ಹಿಂದಿನ ಪುಟಕ್ಕೆ ಹೋಗಿ ಹೆಸರು ಬದಲಿಸಿದ. ಅಪ್ಪನ ಹೆಬ್ಬೆಟ್ಟು ಅಳಿಸಿಹೋಯಿತು. ಅದಿಲ್ಲದೆ ಅರ್ಜಿಗೆ ನಂಬರ್ ಬೀಳುತ್ತಿರಲಿಲ್ಲ, ತಾಯಿಯದು ನಡೆಯುತ್ತಿರಲಿಲ್ಲ.

ಗಂಡನ ಫೋನು ಹತ್ತಲಿಲ್ಲ. ಹುಡುಗಿಯನ್ನು ಸೇರಿಸಿಕೊಳ್ಳಿ ಎಂದು ಅಲ್ಲೇ ಕೂತಿದ್ದ ನಿಲಯದ ಮೇಲ್ವಿಚಾರಕಿಯ ಮುಂದೆ ಕೈಮುಗಿದೆ.

"ನಾ ಏನ ಮಾಡ್ಲಿರಿ? ಕಂಪ್ಯೂಟರಿನಾಗ ನಂಬರ್ ಬೀಳಬೇಕು. ಬಿದ್ದರ ಈಗಿಂದೀಗ ಒಳಗ ಕರ್ಕೋತೇನಿ."

ಅಷ್ಟೊತ್ತಿಗೆ ಹೊರಗೆ ಲಾರಿಯ ಹಾರ್ನ್ ಕೇಳಿತು. ತಾಯಿ ನನ್ನನ್ನು ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು. ಪಾತ್ರೆಗಳ ಗಂಟು ಮೇಲಕ್ಕೆಸೆದು, ಮಗಳ ರಟ್ಟೆ ಹಿಡಿದು ಎತ್ತಿ ಹತ್ತಿಸಿದಳು. ಹುಡುಗಿ ಬೆನ್ನಿಗೆ ಸಾಲಿಯ ಚೀಲ ಹಾಕಿಕೊಂಡೇ ಇದ್ದಳು.

ಬೀದರಿಗೆ ಬಂದವಳೇ ಕೂಗಾಡಿದೆ. ಹಿರಿಯರು ಆ ನಿಯಮವನ್ನು ಅಚ್ಚಿನಿಂದ ಕಿತ್ತು ಮೇವಿನ ಕಡೆಗೆ ಹಾಕಿದರು. ಒಂದು ಚಹಾ ಕುಡಿದು ಮುಗಿಸುವಷ್ಟರ ಕೆಲಸ. ಆಮೇಲೆ ನಮ್ಮ ಅಚ್ಚನ್ನು ಬೇರೆ ಅರ್ಜಿಗಳಿಗೂ ಬಳಸಿದರು, ಹೊಗಳಿದರು. ಹೊಗಳಿದಾಗಲೆಲ್ಲ ನಾನು ಎದ್ದು ಹೊರಗೆ ಹೋಗುತ್ತಿದ್ದೆ.

ಮರುವರ್ಷವೂ ಮಳೆ ಕೈಕೊಟ್ಟಿತು. ಮತ್ತೆ ಔರಾದಿನ ಕೇಂದ್ರದಲ್ಲೇ ಕೂತಿದ್ದೆ. ಅದೇ ಹೆಂಗಸು, ಈ ಸಲ ಗಂಡನ ಜೊತೆ, ಈ ವರ್ಷ ಸಾಲಿಗೆ ಸೇರಿದ ಸಣ್ಣ ಮಗನನ್ನು ಮುಂದೆ ಮಾಡಿಕೊಂಡು ಬಂದಳು. ನನಗೆ ಎದೆ ಹಗುರಾಯಿತು. ಮಗಳ ಅರ್ಜಿಯನ್ನೇ ಮೊದಲು ತೆರೆದು, "ದೊಡ್ಡಾಕಿ ಎಲ್ಲಿರಿ? ಅಕಿನ್ನ ಕರೀರಿ, ಈ ಸಲ ಏನೂ ಅಳಿಯೋದಿಲ್ಲ" ಎಂದೆ.

"ಅಕಿಗಿ ಬ್ಯಾಡ್ರಿ ಅಕ್ಕಾ," ಎಂದಳು. "ಅಕಿ ಈಗ ಕಬ್ಬು ಕಡೀತಾಳ. ಇವನಿಗಷ್ಟೇ ಬರೀರಿ."