ಫಾರ್ ದ ಟೈಮ್ ಬೀಯಿಂಗ್

ಸೀವುಡ್ಸ್‌ನ ನಮ್ಮ ಆಫೀಸಿನಲ್ಲಿ ಇಂದೊಂದು ಮೇಲ್ ಬಂತು. ‘ಫಾರ್ ದ ಟೈಮ್ ಬೀಯಿಂಗ್’ ನಾವೆಲ್ಲ ಕೆಳಗಿನ ಮಹಡಿಯಲ್ಲಿ ಕೂರಬೇಕಂತೆ.

ಆ ಮಾತನ್ನು ನಾನು ಮೊದಲು ಕೇಳಿದ್ದು ಚಿಕ್ಕವಳಿದ್ದಾಗ, ಡೊಂಬಿವಲಿಯ ದೊಡ್ಡಪ್ಪನ ಮನೆಯಲ್ಲಿ. ಉಡುಪಿಯಲ್ಲಿ ಅಮ್ಮ ಆಸ್ಪತ್ರೆ ಸೇರಿದಾಗ ಅಪ್ಪ ನನ್ನನ್ನು ಅಲ್ಲಿ ಬಿಟ್ಟುಹೋಗಿದ್ದರು. ತಮ್ಮನ ಮಗಳು ಫಾರ್ ದ ಟೈಮ್ ಬೀಯಿಂಗ್ ನಮ್ಮಲ್ಲಿದ್ದಾಳೆ ಎಂದು ದೊಡ್ಡಪ್ಪ ಹೌಸಿಂಗ್ ಸೊಸೈಟಿಗೆ ಪತ್ರ ಬರೆದು, ಗಟ್ಟಿಯಾಗಿ ಓದಿದರು.

“ಹಾಗಂದ್ರೆ ಎಂತ ದೊಡ್ಡಪ್ಪ?”

“ಸದ್ಯಕ್ಕೆ ಅಂತ, ಮಗಾ.”

“ಸದ್ಯ ಅಂದ್ರೆ ಎಷ್ಟು ದಿನ?”

ಅವರು ಪೆನ್ನಿಗೆ ಮುಚ್ಚಳ ಹಾಕಿದರು. “ಅಮ್ಮನಿಗೆ ಗುಣ ಆಗುವವರೆಗೆ,” ಎಂದು ಒಳಗಿನಿಂದ ದೊಡ್ಡಮ್ಮ ಹೇಳಿದರು.

ಅಮ್ಮನಿಗೆ ಗುಣವಾಗಲಿಲ್ಲ. ನನಗೆ ಅಳು ಬರಲಿಲ್ಲ. ಊರಲ್ಲಿ ಅಮ್ಮನ ಕಾರ್ಯ ಮುಗಿಸಿ ಬಂದ ದಿನ ದೊಡ್ಡಮ್ಮ ನನ್ನ ಬಟ್ಟೆಗಳನ್ನೆಲ್ಲ ಕಪಾಟಿನಲ್ಲಿ ಜೋಡಿಸಿ, ಖಾಲಿ ಬ್ಯಾಗನ್ನು ಅಟ್ಟಕ್ಕೆ ಹಾಕಿದರು. ನಾನು ನೋಡುತ್ತಾ ನಿಂತಿದ್ದೆ.

ಮೇಲ್‌ಗೆ ‘ಓಕೆ’ ಎಂದು ಬರೆದು ಲೋಕಲ್ ರೈಲು ಹಿಡಿದೆ. ನಾನು ಈಗಲೂ ಆ ಮನೆಯಲ್ಲೇ ಇರುವುದು.